ಬರಾನಿಕೊ ಆಸ್ಟ್ರೇಲಿಯಾವನ್ನು ಕೇಳಿದ್ದು

ನಾಲ್ಕು ವರ್ಷಗಳ ಹಿಂದೆ ಬರಾನಿಕೊನನ್ನು ಸಂದರ್ಶನಕ್ಕೆ ಕೂರಿಸಿದವನು ನಾನೇ. ನಮ್ಮ ದ್ವೀಪದ ಪಂಚಾಯಿತಿಯಲ್ಲಿ ಇರುವುದು ಒಂದು ಕಂಪ್ಯೂಟರು, ಅದರ ಮುಂದೆ ಒಂದು ಕುರ್ಚಿ, ಎರಡಕ್ಕೂ ಸೇರಿ ಒಬ್ಬ ಗುಮಾಸ್ತ. ತೆರೆಯ ಆಚೆ ಆಸ್ಟ್ರೇಲಿಯಾದ ಒಳನಾಡಿನ ಯಾವುದೋ ಮಾಂಸದ ಕಾರ್ಖಾನೆಯ ಹೆಂಗಸು ನಗುನಗುತ್ತ, "ನಿಮ್ಮ ಬಗ್ಗೆ ಸ್ವಲ್ಪ ಹೇಳಿ" ಎಂದಳು. ಬರಾನಿಕೊ ಮರ್ಯಾದಸ್ಥ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ನಾಲ್ಕು ಜನರ ಮುಂದೆ ಬಟ್ಟೆ ಬಿಚ್ಚಿ ನಿಂತ ಹಾಗೆ ಎಂದು ಕಲಿತು ಬೆಳೆದವನು. ಆದ್ದರಿಂದ ಅವನು ತನ್ನ ಅಜ್ಜನ ಬಗ್ಗೆ ಹೇಳಿದ. ಅಜ್ಜ ಕಟ್ಟಿದ ದೋಣಿ, ಆ ದೋಣಿಗೆ ಮರ ಕೊಟ್ಟವರು ಯಾರು, ಏಕೆ ಕೊಟ್ಟರು, ಅವರ ಸಂತಾನ ಈಗ ಎಲ್ಲಿದೆ, ಎಲ್ಲವನ್ನೂ ಅರೆಬರೆ ಇಂಗ್ಲಿಷಿನಲ್ಲಿ ಹನ್ನೊಂದು ನಿಮಿಷ ಹೇಳಿದ. ಆಕೆ "ಬಹಳ ಚೆನ್ನಾಗಿದೆ" ಎಂದಳು. ಆಮೇಲೆ ಅವಳ ಸುದ್ದಿಯೇ ಇಲ್ಲ.

ಈ ವರ್ಷ ಅದೇ ಕುರ್ಚಿಯಲ್ಲಿ ಕೂತವನು ಅವನ ತಮ್ಮ ಕಮೊರಿಕಿ. ಪ್ರಶ್ನೆ ಅದೇ. ಕಮೊರಿಕಿ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟ: "ನನಗೆ ಶಕ್ತಿ ಇದೆ. ಕಾಯಿಲೆ ಬೀಳೋದಿಲ್ಲ. ತೋರಿಸಿದ್ದನ್ನ ಒಂದೇ ಸಲಕ್ಕೆ ಕಲೀತೀನಿ. ನನ್ನಂಥ ಕೆಲಸಗಾರ ನಿಮಗೆ ಸಿಗೋದು ಕಷ್ಟ."

ಕಿಟಕಿಯ ಹೊರಗೆ ಕಿವಿಗೊಟ್ಟು ನಿಂತಿದ್ದ ಊರು ನಾಚಿಕೆಯಿಂದ ತಲೆ ತಗ್ಗಿಸಿತು. ಬರಾನಿಕೊ ಮಾತ್ರ ತಗ್ಗಿಸಲಿಲ್ಲ.

"ಕೇಳಿದ್ರಾ ಗುಮಾಸ್ತ್ರೆ?" ಎಂದ ಆಮೇಲೆ ನನ್ನೊಡನೆ. "ನಮ್ಮಪ್ಪ ಇದ್ದಿದ್ರೆ ಇವನ ನಾಲಿಗೆಗೆ ಉಪ್ಪು ಹಚ್ಚಿ ಒಣಗಿಸ್ತಿದ್ದ."

ಎರಡು ವಾರಕ್ಕೆ ಕಾಗದ ಬಂತು. ನಾಲ್ಕು ವರ್ಷದ ಕೆಲಸ, ಕಮೊರಿಕಿಗೆ.

ಕಮೊರಿಕಿಗೆ ಅದು ಬರೀ ಕೂಲಿಯ ಮಾತಾಗಿರಲಿಲ್ಲ. ಹುಟ್ಟಿದಾಗಿನಿಂದ ಅವನು ಬರಾನಿಕೊನ ತಮ್ಮ. ಅವನು ಹತ್ತಿ ನೀರಾ ಇಳಿಸುವ ತೆಂಗಿನ ಮರಗಳು ಅಣ್ಣನವು. ಅವನ ಹೆಂಡತಿ ಅರೊಯಿತಾ ಕೆಸು ಕೀಳುವ ಗುಂಡಿ ಅಣ್ಣನದು. ಊರಿನ ಚಾವಡಿಯಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಕಂಬದ ಬುಡ ಗೊತ್ತಾಗಿರುತ್ತದಲ್ಲ, ಅಲ್ಲಿ ಅವನು ಕೂರುವುದು ಅಣ್ಣನ ಬೆನ್ನ ಹಿಂದೆ. ಮೂವತ್ತು ವರ್ಷ ಒಂದೇ ಬೆನ್ನು ನೋಡಿದ್ದ. ನಾಲ್ಕು ವರ್ಷ ಆ ಬೆನ್ನಿಲ್ಲದ ಕಡೆ ದುಡಿದು ಬಂದು, ಅರೊಯಿತಾಳ ತವರಿನ ಜಾಗದಲ್ಲಿ ಸ್ವಂತ ಮನೆ ಹೂಡಬೇಕೆಂದು ಗಂಡಹೆಂಡಿರು ಮಾತಾಡಿಕೊಂಡಿದ್ದರು.

ಕಾರ್ಖಾನೆಯ ಒಳಗೆ ಬಹಳ ಚಳಿಯಂತೆ, ಬೂಟು ಹಾಕಿಕೊಂಡೇ ದಿನವಿಡೀ ನಿಲ್ಲಬೇಕಂತೆ. ಕಮೊರಿಕಿ ರಾಜಧಾನಿ ತರಾವಾದಿಂದ ಹಳೆಯದೊಂದು ದಪ್ಪ ಕೋಟು, ಮೊಣಕಾಲುದ್ದದ ಬಿಳಿ ರಬ್ಬರ್ ಬೂಟು ತರಿಸಿಕೊಂಡ. ಕಾಲಿಗೆ ಅಭ್ಯಾಸವಾಗಲೆಂದು ಬೂಟು ಹಾಕಿಕೊಂಡೇ ಮರಳಿನ ಮೇಲೆ ಓಡಾಡತೊಡಗಿದ.

ಬರಾನಿಕೊಗೆ ಹೊಟ್ಟೆಕಿಚ್ಚು ಎಂದು ಊರಿನಲ್ಲಿ ಯಾರೂ ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ. ನಮ್ಮಲ್ಲಿ ನೀರಾ ಇಳಿಸುವವನು ಮರದ ತುದಿಯಲ್ಲಿ ಹಾಡುತ್ತಾನೆ, ಕೆಳಗಿನವರಿಗೆ ತಾನು ಮೇಲಿದ್ದೇನೆಂದು ತಿಳಿಯಲಿ ಎಂದು. ಬರಾನಿಕೊನ ದನಿ ಮೂರು ಮನೆ ಆಚೆಗೂ ಕೇಳುವಂಥದು. ಕಾಗದ ಬಂದ ಮರುದಿನದಿಂದ ಅವನು ಸದ್ದಿಲ್ಲದೆ ಮರ ಹತ್ತಿ ಸದ್ದಿಲ್ಲದೆ ಇಳಿಯತೊಡಗಿದ. ಹಾಗೆ ಹತ್ತುವವನು ಒಂದೋ ಕಳ್ಳ, ಇಲ್ಲವೇ ಒಳಗೊಳಗೇ ಬೇಯುತ್ತಿರುವವನು. ಮರಗಳೆಲ್ಲ ಅವನವೇ ಆದ್ದರಿಂದ ಕಳ್ಳನಂತೂ ಅಲ್ಲ.

"ನಡಿಗೆ ನೋಡು," ಎಂದ ಹೆಂಡತಿ ರಕೆರಾಳಿಗೆ, ಬೇಲಿಯಾಚೆ ತಮ್ಮನನ್ನು ತೋರಿಸಿ. "ಕಾಲು ಸುಟ್ಕೊಂಡ ಏಡಿ ಥರ."

"ನಿಂಗ್ಯಾಕೆ? ಅವನ ಕಾಲು, ಅವನ ಬೂಟು."

"ಕಾಲು ನಮ್ಮಪ್ಪ ಕೊಟ್ಟಿದ್ದು."

"ನಿಂಗೂ ಎರಡು ಕೊಟ್ಟಿದಾರಲ್ಲ. ಅದನ್ನ ಎತ್ಕೊಂಡು ಹೋಗಿ ಸೌದೆ ತಾ."

ಬರಾನಿಕೊ ಸೌದೆಗೆ ಹೋಗಲಿಲ್ಲ, ತಮ್ಮನ ಅಂಗಳಕ್ಕೆ ಹೋದ.

"ತಮ್ಮಾ, ಒಂದು ಬುಬುಸಿ," ಎಂದ. "ಆ ಕೋಟು."

ರಕ್ತಸಂಬಂಧಿ ಬಂದು ಬುಬುಸಿ ಎಂದು ಬಾಯಿ ತೆರೆದರೆ ನಮ್ಮಲ್ಲಿ ಇಲ್ಲ ಎನ್ನುವ ಹಾಗಿಲ್ಲ. ಉಪ್ಪಿರಲಿ, ದೋಣಿಯಿರಲಿ, ಕೇಳಿದ್ದನ್ನು ಕೊಡಬೇಕು, ಸಾಲವಾಗಿ ಅಲ್ಲ, ಅವನದೇ ಎಂದು. ಕೊಡದವನ ಮೊಮ್ಮಕ್ಕಳನ್ನೂ ಜನ ಜಿಪುಣನ ಮೊಮ್ಮಕ್ಕಳು ಎಂದೇ ಕರೆಯುತ್ತಾರೆ. ಆದರೆ ಕೇಳುವವನಿಗೂ ಒಂದು ಖರ್ಚಿದೆ. ಅವನಿಗೆ ವಸ್ತು ಸಿಗುತ್ತದೆ, ಹೆಸರು ಕೊಟ್ಟವನಿಗೆ ಹೋಗುತ್ತದೆ.

ಕಮೊರಿಕಿ ಕೋಟು ಬಿಚ್ಚಿ ಕೊಟ್ಟ. "ಬಿಸಿಲಲ್ಲಿ ಹಾಕ್ಕೋಬೇಡ ಅಣ್ಣ, ಬೆವರಿ ಸಾಯ್ತೀಯ," ಎಂದು ನಕ್ಕ.

ಕೊಡುವಾಗ ಅವನ ಮುಖ ಒಂದಿಷ್ಟಾದರೂ ಮುದುಡಿದ್ದರೆ ಬರಾನಿಕೊಗೆ ಆ ರಾತ್ರಿ ನಿದ್ದೆ ಬರುತ್ತಿತ್ತೋ ಏನೋ. ಮುದುಡಲಿಲ್ಲ. ಆಸ್ಟ್ರೇಲಿಯಾಕ್ಕೆ ಹೊರಟವನಿಗೆ ಒಂದು ಕೋಟು ಯಾವ ಲೆಕ್ಕ ಎಂದು ಬರಾನಿಕೊ ತಾನೇ ಅರ್ಥ ಮಾಡಿಕೊಂಡ. ಎರಡು ದಿನ ಬಿಟ್ಟು ಬೂಟು ಕೇಳಿದ. ಅದೂ ಬಂತು, ಒಳಗಿನ ಮರಳು ಕೊಡವಿ, ಒರೆಸಿ ಕೊಟ್ಟಿದ್ದ. ಬೂಟು ಬರಾನಿಕೊಗೆ ಒಂದು ಬೆರಳಷ್ಟು ಚಿಕ್ಕದು. ಆದರೂ ಹಾಕಿಕೊಂಡು ಚಾವಡಿಗೆ ಬಂದ.

"ಕೇಳಿ ಕೇಳಿ ನಿನ್ನ ಮುಖ ಚಿಕ್ಕದಾಗ್ತಿದೆ ಕಣೋ," ಎಂದಳು ರಕೆರಾ.

"ಅವನು ಕೊಡ್ತಾನೆ, ನಾನು ಕೇಳ್ತೀನಿ. ನಿಂಗೇನು ಕಷ್ಟ?"

"ಅವನು ಕೊಡೋದು ನೋಡಿ ನಿಂಗೆ ಉರಿಯುತ್ತೆ. ಅದಕ್ಕೆ ಕೇಳ್ತೀಯ. ಕೇಳಿದ್ರೆ ಕೊಡ್ತಾನೆ. ಮತ್ತೆ ಉರಿಯುತ್ತೆ. ಒಲೆಗೆ ಸೌದೆ ಇಲ್ಲ ಅಂತ ನಾನು ಬಡ್ಕೋತಿದೀನಿ, ನೀನೇ ಒಲೆ ಆಗಿ ಕೂತಿದೀಯ."

ವಿಮಾನ ಶುಕ್ರವಾರ. ಅದರ ಹಿಂದಿನ ಶನಿವಾರ ಬೀಳ್ಕೊಡುಗೆ. ಹಂದಿ ಬೇಯಿಸಿದ್ದರು, ಹೆಂಗಸರು ಕೆಸುವಿನ ಗೆಡ್ಡೆಗೆ ತೆಂಗಿನ ಹಾಲು, ನೀರಾದ ಪಾಕ ಹಾಕಿ ಹದ ಮಾಡಿದ್ದರು. ಕಮೊರಿಕಿಗೆ ಹೂವಿನ ಕಿರೀಟ ಇಟ್ಟರು. ಕುತ್ತಿಗೆಗೆ ಪೌಡರ್ ಹಾಕಿ, ಸೆಂಟು ಸುರಿದು, ಅಂದು ಮಾತ್ರ ಅಣ್ಣನ ಬೆನ್ನ ಹಿಂದಿನಿಂದ ಎಬ್ಬಿಸಿ ಮುಂದಿನ ಚಾಪೆಯಲ್ಲಿ ಕೂರಿಸಿದರು. ಬರಾನಿಕೊ ಮೊದಲ ಬಾರಿಗೆ ತಮ್ಮನ ಬೆನ್ನು ನೋಡುತ್ತ ಕೂತ.

ಹಿರಿಯರಲ್ಲೆಲ್ಲ ಹಿರಿಯ ತೆಕೈಯಾ ಅಜ್ಜ ಎದ್ದು, "ಈ ಮನೆತನದಲ್ಲಿ ಕಡಲು ದಾಟುವವರಲ್ಲಿ ಇವನೇ ಮೊದಲು," ಎಂದ. "ಅಜ್ಜ ದೋಣಿ ಕಟ್ಟಿದ. ಮೊಮ್ಮಗ ವಿಮಾನ ಹತ್ತುತಾ ಇದಾನೆ."

ಅಜ್ಜನ ದೋಣಿಯ ಮಾತು ಎತ್ತಬಾರದಿತ್ತು. ಅದು ಬರಾನಿಕೊನದು. ಹನ್ನೊಂದು ನಿಮಿಷ ಅವನು ಹೇಳಿದ್ದ ಕಥೆಯನ್ನು ಈಗ ಒಂದೇ ಗುಕ್ಕಿಗೆ ತಮ್ಮನ ತಟ್ಟೆಗೆ ಬಡಿಸಿದ್ದರು. ಬರಾನಿಕೊ ಎದ್ದು ನಿಂತ. ಅಣ್ಣ ಹರಸುತ್ತಾನೆಂದು ಚಾವಡಿ ಸುಮ್ಮನಾಯಿತು.

"ತಮ್ಮಾ, ನಿನ್ನ ಹತ್ರ ಒಂದು ಬುಬುಸಿ."

ಹಿಂದಿನ ಸಾಲಿನಲ್ಲಿ ಯಾರೋ, "ಚಡ್ಡಿ ಒಂದು ಉಳಿದಿದೆ ನೋಡು, ಕೇಳ್ಬಿಡು," ಎಂದರು. ಎಲ್ಲರೂ ನಕ್ಕರು. ಕಮೊರಿಕಿಯೂ ನಕ್ಕ.

"ಆಸ್ಟ್ರೇಲಿಯಾ," ಎಂದ ಬರಾನಿಕೊ. "ನಿನಗೆ ಸಿಕ್ಕ ಆ ಜಾಗ. ಅದು ನನಗೆ ಬೇಕು."

ನಗು ನಿಂತಿತು. ಅರೊಯಿತಾಳ ಕೈಯ ಬೀಸಣಿಗೆಯೂ ನಿಂತಿತು. ಕಮೊರಿಕಿ ಅಣ್ಣನ ಮುಖವನ್ನು ನೋಡಿದ. ಹುಡುಗಾಟವಲ್ಲ ಎಂದು ಖಚಿತವಾಗುವಷ್ಟು ಹೊತ್ತು ನೋಡಿದ. ಆಮೇಲೆ ತಲೆಯ ಮೇಲಿನ ಹೂವಿನ ಕಿರೀಟ ತೆಗೆದು, ಎದ್ದು ಹೋಗಿ, ಅಣ್ಣನ ತಲೆಯ ಮೇಲೆ ಇಟ್ಟ.

"ತಗೋ ಅಣ್ಣ. ನಿಂದೇ."

ಆಮೇಲೆ ಬಂದು ಬರಾನಿಕೊನ ಬೆನ್ನ ಹಿಂದೆ, ತನ್ನ ಮಾಮೂಲು ಜಾಗದಲ್ಲಿ ಕೂತ.

ಸೋಮವಾರ ನಾನು ತರಾವಾದ ಕಚೇರಿಗೆ ಬರೆದೆ: ಇಂಥವನ ಜಾಗವನ್ನು ಇಂಥವನು ಕೇಳಿ ಪಡೆದಿದ್ದಾನೆ, ಚಾವಡಿ ಸಾಕ್ಷಿ, ಹೆಸರು ಬದಲಾಯಿಸುವುದು. ಮಂಗಳವಾರ ಬೆಳಿಗ್ಗೆ ಅಲ್ಲಿನ ಅಧಿಕಾರಿಣಿಯಿಂದ ಫೋನು ಬಂತು. ಅವಳೂ ನಮ್ಮವಳೇ, ನನ್ನ ಕಷ್ಟ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ದನಿಯಲ್ಲಿ ಕಚೇರಿ ಇತ್ತು.

"ಗುಮಾಸ್ತ್ರೆ, ಇದು ದೋಣಿ ಅಲ್ಲ, ಒಬ್ಬ ಇಳಿದು ಇನ್ನೊಬ್ಬ ಹತ್ತಕ್ಕೆ. ವೀಸಾದ ಮೇಲೆ ಹೆಸರಿದೆ, ಫೋಟೋ ಇದೆ, ಅವನ ಎದೆಯ ಎಕ್ಸ್‌ರೇ ಇದೆ. ಅಣ್ಣನ ಎದೆ ಕಳಿಸಿದ್ರೆ ಅವರು ತಗೊಳಲ್ಲ."

"ಹಂಗಾದ್ರೆ?"

"ಕಮೊರಿಕಿ ಬರ್ತಾನೋ ಇಲ್ವೋ, ಗುರುವಾರ ಮಧ್ಯಾಹ್ನ ಹನ್ನೆರಡರ ಒಳಗೆ ಹೇಳಿ. ಹೇಳಲಿಲ್ಲ ಅಂದ್ರೆ ಪಟ್ಟಿಯಲ್ಲಿ ಮುಂದಿನವನನ್ನ ಕರೀತೀವಿ. ಸಾಲಲ್ಲಿ ಇನ್ನೂರು ಜನ ಕೂತಿದಾರೆ."

ನಾನು ಅಣ್ಣತಮ್ಮಂದಿರ ಮನೆಗೆ ಹೋಗಿ ಇಬ್ಬರಿಗೂ ಬೇರೆಬೇರೆಯಾಗಿ ಹೇಳಿದೆ. ಗುರುವಾರ, ಹನ್ನೆರಡು ಗಂಟೆ. ಬರಾನಿಕೊ ಎರಡು ಸಲ ಕೇಳಿ ಖಚಿತ ಮಾಡಿಕೊಂಡ. ಅಲ್ಲಿಂದ ನಾನು ತೆಕೈಯಾ ಅಜ್ಜನ ಬಳಿ ಹೋಗಿ, "ಅಜ್ಜಾ, ಕಮೊರಿಕಿ ಬರ್ತಾನೆ ಅಂತ ನಾನೇ ಬರೆದುಬಿಡ್ಲಾ?" ಎಂದೆ.

"ಆಸ್ಟ್ರೇಲಿಯಾ ಈಗ ಯಾರದು?"

"ಬರಾನಿಕೊದು."

"ಇನ್ನೊಬ್ಬರ ವಸ್ತುವನ್ನ ನೀನು ಹೆಂಗಪ್ಪಾ ಕೊಡ್ತೀಯ? ನಿನಗೆ ಕುರ್ಚಿ ಕೊಟ್ಟಿದೀವಿ, ಕೈ ಉದ್ದ ಮಾಡ್ಕೋ ಅಂತ ಹೇಳಿಲ್ಲ." ಅಜ್ಜ ಬಾಯಲ್ಲಿದ್ದ ಹೊಗೆಸೊಪ್ಪನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಸರಿಸಿದ. "ಕಮೊರಿಕಿ ಹೋಗಿ ವಾಪಸ್ ಕೇಳಲಿ. ಕೇಳಿದ್ರೆ ಬರಾನಿಕೊ ಇಲ್ಲ ಅನ್ನಂಗಿಲ್ಲ. ಒಂದು ಮಾತಿನ ಕೆಲಸ."

ಒಂದು ಮಾತಿನ ಕೆಲಸ ಎಂದು ಇಡೀ ಊರಿಗೆ ಗೊತ್ತಿತ್ತು. ಕಮೊರಿಕಿ ಆ ಮಾತು ಆಡಲಿಲ್ಲ. ಕೆಸುವಿನ ಗುಂಡಿಗಿಳಿದು ಎಲೆಗೊಬ್ಬರ ತುಂಬುತ್ತಿದ್ದ. ದಾರಿಯಲ್ಲಿ ಹೋಗುವವರು ಗುಂಡಿಯ ಅಂಚಿನಲ್ಲಿ ನಿಂತು ಅವನನ್ನು ನೋಡಿಕೊಂಡು ಹೋಗುತ್ತಿದ್ದರು. ಮದುವೆಯಲ್ಲಿ ದೋಣಿ ಕೊಟ್ಟವರನ್ನು ನಮ್ಮವರು ನೋಡಿದ್ದಾರೆ, ಕೇಳಿದ ಕೂಡಲೇ ಮನೆಯ ಚಾವಣಿ ಬಿಚ್ಚಿ ಕೊಟ್ಟವನ ಕಥೆ ಕೇಳಿದ್ದಾರೆ. ಒಂದು ದೇಶವನ್ನೇ ಕೊಟ್ಟವನನ್ನು ಕಂಡಿರಲಿಲ್ಲ. ಬಾವಿಯ ಕಟ್ಟೆಯಲ್ಲಿ ಹೆಂಗಸರು, "ಆಸ್ಟ್ರೇಲಿಯಾ ಕೊಟ್ಟನಲ್ಲ, ಅವನ ಮನೆ ಪಕ್ಕ," ಎಂದು ಗುರುತು ಹೇಳತೊಡಗಿದರು. ಆ ಪಕ್ಕದ ಮನೆ ಬರಾನಿಕೊನದು. ಅಪ್ಪನ ಕಾಲದಿಂದ ಅದಕ್ಕೇ ಒಂದು ಹೆಸರಿತ್ತು.

ಬರಾನಿಕೊಗೆ ಇದು ಬೂಟಿಗಿಂತ ಬಿಗಿಯಾಯಿತು. ತಮ್ಮ ಆಸ್ಟ್ರೇಲಿಯಾಕ್ಕೆ ಹೋಗಿದ್ದರೆ ನಾಲ್ಕು ವರ್ಷ ಕಣ್ಣಮುಂದೆಯಾದರೂ ಇರುತ್ತಿರಲಿಲ್ಲ. ಈಗ ಇಲ್ಲೇ, ಬೇಲಿಯಾಚೆ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ದೊಡ್ಡ ಮನುಷ್ಯನಾಗುತ್ತಿದ್ದ.

"ಕೇಳಿಸ್ಕೊಂಡ್ಯಾ, ಬಾವಿ ಹತ್ರ ಏನಂತಾರೆ?" ಎಂದ ಹೆಂಡತಿಗೆ.

"ಕೇಳಿಸ್ಕೊಂಡೆ. ಹೋಗಿ ವಾಪಸ್ ಕೊಟ್ಬಿಡು."

"ಕೇಳಲಿ, ಕೊಡ್ತೀನಿ."

"ಕೇಳದೇನೇ ಕೊಡು."

"ಕೇಳದೆ ಕೊಟ್ರೆ ಅದು ಕೊಟ್ಟಂಗಲ್ಲ ಕಣೇ, ಹೆದರಿ ಬಿಟ್ಟಂಗೆ. ಅವನು ನನ್ನ ಅಂಗಳಕ್ಕೆ ಬಂದು, ನಾಲ್ಕು ಜನರ ಮುಂದೆ ಬಾಯಿಬಿಟ್ಟು ಕೇಳಲಿ. ಆಗ ಆಸ್ಟ್ರೇಲಿಯಾ ಕೊಟ್ಟವನು ನಾನು."

ಅಂದಿನಿಂದ ಬರಾನಿಕೊ ಅಂಗಳ ಬಿಟ್ಟು ಕದಲಲಿಲ್ಲ. ಬಲೆ ಹೆಣೆಯುವ ನೆಪದಲ್ಲಿ ಬೇಲಿಗೆ ಮುಖ ಮಾಡಿ ಕೂತಿದ್ದ. ಕೇಳಲು ಬರುವವನಿಗೆ ದಾರಿ ಸುಗಮವಿರಲೆಂದು ಒಣಗಿದ ಗರಿಗಳನ್ನೂ ಗುಡಿಸಿ ಹಾಕಿದ.

ಬುಧವಾರ ಮಧ್ಯಾಹ್ನ ಕಮೊರಿಕಿ ಬಂದ. ಅರೊಯಿತಾ ಅವನೊಡನೆ ಹಿಂದಿನ ದಿನದಿಂದ ಮಾತು ಬಿಟ್ಟಿದ್ದಳು. ನಮ್ಮ ಹೆಂಗಸರ ಮೌನ ಚಾವಡಿಯ ತೀರ್ಪಿಗಿಂತ ಬೇಗ ಕೆಲಸ ಮಾಡುತ್ತದೆ. ಕೈಕಾಲು ತೊಳೆದು, ಒಗೆದ ಪಂಚೆ ಸುತ್ತಿಕೊಂಡು ಅವನು ಬರುತ್ತಿರುವುದು ಬರಾನಿಕೊಗೆ ದೂರದಿಂದಲೇ ಕಾಣಿಸಿತು. ಬೇಡಲು ಬರುವವನ ನಡಿಗೆ ಅದಾಗಿರಲಿಲ್ಲ. ತನ್ನದನ್ನು ಒಯ್ಯಲು ಬರುವವನ ಹಾಗೆ ಆರಾಮವಾಗಿ ಬರುತ್ತಿದ್ದ. ಇನ್ನು ಹತ್ತು ಹೆಜ್ಜೆ. ಅವನು ಕೇಳುತ್ತಾನೆ, ತಾನು ಕೊಡುತ್ತೇನೆ, ಊರು ಒಂದು ದಿನ ಹೊಗಳುತ್ತದೆ. ಶುಕ್ರವಾರ ಇವನು ವಿಮಾನದ ಮೆಟ್ಟಿಲ ಮೇಲೆ ನಿಂತು ಕೈಬೀಸುತ್ತಾನೆ. ಶನಿವಾರ ತಾನು ಅದೇ ಮರ ಹತ್ತುತ್ತೇನೆ.

ಬರಾನಿಕೊ ಬಲೆ ಬಿಸಾಕಿ, ಮನೆಯ ಹಿಂಬದಿಯಿಂದ ಇಳಿದು, ದೋಣಿಯನ್ನು ನೀರಿಗೆ ನೂಕಿದ.

"ಎಲ್ಲಿ ಅತ್ತಿಗೆ, ಅಣ್ಣ?"

ರಕೆರಾ ನೆಲ ನೋಡಿದಳು. "ಮೀನಿಗೆ ಹೋದ."

"ಬಲೆ ಇಲ್ಲೇ ಇದೆ."

"ಹೂಂ," ಎಂದಳು ರಕೆರಾ. "ಬಲೆ ಇಲ್ಲೇ ಇದೆ."

ಎದುರಿಗೆ ಸಿಗದವನನ್ನು ಕೇಳಲಾಗುವುದಿಲ್ಲ. ಒಳ್ಳೆಯ ದೋಣಿ ಮಾಡಿಸಿಕೊಂಡವರು, ದಪ್ಪ ಹಂದಿ ಸಾಕಿದವರು, ಕೇಳುವವರು ಬರುವ ಸುಳಿವು ಸಿಕ್ಕರೆ ಒಂದು ದಿನದ ಮಟ್ಟಿಗೆ ಕಡಲಿಗೆ ಹೋಗುವುದುಂಟು. ನಾವೆಲ್ಲ ಮಾಡಿದ್ದೇವೆ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಕಮೊರಿಕಿ ದಡಕ್ಕೆ ಹೋಗಿ ನೋಡಿದ. ಹಿನ್ನೀರಿನ ಆಚೆ ತುದಿಯ ಪುಟ್ಟ ನಡುಗಡ್ಡೆಯ ಕಡೆಗೆ ಹಾಯಿ ಸಣ್ಣದಾಗುತ್ತ ಹೋಗುತ್ತಿತ್ತು. ಕಮೊರಿಕಿಗೆ ತನ್ನದೇ ಆದ ದೋಣಿ ಇರಲಿಲ್ಲ. ಬೇರೆಯವರದನ್ನು ಕೇಳಬಹುದಿತ್ತು, ಕೇಳಿದ್ದರೆ ಅಣ್ಣನನ್ನು ಅಟ್ಟಿಸಿಕೊಂಡು ಹೋದ ಎಂಬ ಮಾತು ಉಳಿಯುತ್ತಿತ್ತು. ಅಲ್ಲೇ ಮರಳಿನ ಮೇಲೆ ಕೂತ.

ಗುರುವಾರ ಹನ್ನೆರಡಕ್ಕೆ ಫೋನು ಬಂತು.

"ಇನ್ನರ್ಧ ಗಂಟೆ ಕೊಡಿ," ಎಂದೆ.

"ಅವನು ಎಲ್ಲಿ?"

"ದಡದಲ್ಲಿ ಕೂತಿದಾನೆ."

"ಅಣ್ಣ?"

"ನೀರಲ್ಲಿ."

ಅವಳು ಅರ್ಧ ಗಂಟೆ ಕೊಟ್ಟಳು. ಅದಕ್ಕಿಂತ ಹತ್ತು ನಿಮಿಷ ಹೆಚ್ಚೇ ಕಾದಳು. ಆಮೇಲೆ ದಕ್ಷಿಣದ ಯಾವುದೋ ದ್ವೀಪದವನ ಹೆಸರು ಹೇಳಿ, "ಅವನು ಹೂಂ ಅಂದ. ಇದನ್ನ ಮುಚ್ಚಿಬಿಡಿ," ಎಂದಳು.

ಮೂರು ಗಂಟೆಗೆ ಬರಾನಿಕೊ ದಡ ಮುಟ್ಟಿದ. ಗಾಳದಲ್ಲೇ ಹಿಡಿದ ಮೀನು ದೋಣಿಯ ತುಂಬ ಇತ್ತು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದರೂ ಗೆಲುವಾಗಿದ್ದ. ಕಾದು ನಿಂತ ಜನರನ್ನು ನೋಡಿ, ದೋಣಿಯಲ್ಲಿದ್ದುಕೊಂಡೇ ತಮ್ಮನಿಗೆ, "ಏನೋ, ನನ್ನನ್ನ ಹುಡುಕ್ತಿದ್ಯಂತೆ?" ಎಂದ.

ಕಮೊರಿಕಿ ನೀರಿಗಿಳಿದು ದೋಣಿಯ ಅಂಚು ಹಿಡಿದುಕೊಂಡ.

"ಅಣ್ಣ, ಒಂದು ಬುಬುಸಿ. ಆ ಜಾಗ ವಾಪಸ್ ಕೊಡು."

ಬರಾನಿಕೊ ದೋಣಿಯಲ್ಲಿ ಎದ್ದು ನಿಂತ. ಜನ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ನೋಡಿಕೊಂಡ.

"ತಗೋ ತಮ್ಮಾ," ಎಂದ ಮರದ ತುದಿಯ ದನಿಯಲ್ಲಿ. "ಆಸ್ಟ್ರೇಲಿಯಾ ಕೊಟ್ಟೆ. ಇಡೀ ಆಸ್ಟ್ರೇಲಿಯಾ. ಕೋಟೂ ತಗೋ, ಬೂಟೂ ತಗೋ. ನಮ್ಮ ಮನೆತನದ ಹೆಸರು ಉಳಿಸು."

ಇಬ್ಬರೂ ಮುಂದೆ, ಅರ್ಧ ಊರು ಹಿಂದೆ, ಪಂಚಾಯಿತಿಗೆ ಬಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ಹೇಳುವ ಮಾತನ್ನು ಎರಡು ಗಂಟೆ ಕಾಲ ತಿದ್ದಿ ತಿದ್ದಿ ಇಟ್ಟುಕೊಂಡಿದ್ದೆ. ಬಾಯಿಗೆ ಬಂದದ್ದು ಮೂರೇ ಶಬ್ದ.

"ಬೇರೆಯವನಿಗೆ ಹೋಯ್ತು ಕಮೊರಿಕಿ."

ಎಲ್ಲರೂ ಕಮೊರಿಕಿಯನ್ನು ನೋಡಿದರು. ಕಮೊರಿಕಿ ತನ್ನ ಅಣ್ಣನನ್ನು ನೋಡಿದ, ಆದ್ದರಿಂದ ನಾನೂ ನೋಡಿದೆ. ತಲೆಯ ಹೊರೆ ಇಳಿಸಿದವನ ಮುಖ ಹೇಗಾಗುತ್ತದೋ ಹಾಗಾಗಿತ್ತು ಬರಾನಿಕೊನ ಮುಖ. ಹಣೆ ಸಡಿಲವಾಗಿತ್ತು, ತುಟಿಯ ಒಂದು ತುದಿ ಅವನಿಗೇ ಗೊತ್ತಿಲ್ಲದೆ ಮೇಲೇರಿತ್ತು. ಮರುಗಳಿಗೆಯೇ ಅದನ್ನೆಲ್ಲ ಒರೆಸಿ ದುಃಖ ತಂದುಕೊಂಡ. ಆ ದುಃಖವೂ ಸುಳ್ಳಲ್ಲ. ಆದರೆ ಅದು ಎರಡನೆಯದಾಗಿ ಬಂತು.

"ಅಯ್ಯೋ," ಎಂದ. "ಎಂಥ ಅನ್ಯಾಯ ನೋಡು ತಮ್ಮಾ. ಹನ್ನೆರಡು ಅಂದ್ರೆ ಹನ್ನೆರಡೇನಾ? ಅವರಿಗೆ ಮನುಷ್ಯತ್ವ ಬೇಡ್ವಾ?"

ಕಮೊರಿಕಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು. ತೆಕೈಯಾ ಅಜ್ಜ ಚಾವಡಿ ಸೇರಿಸಿ, ಒಂದು ಹಂದಿಯ ದಂಡ ಹಾಕಿ, ಇಬ್ಬರನ್ನೂ ಒಂದೇ ತಟ್ಟೆಯಲ್ಲಿ ಉಣ್ಣಿಸುತ್ತಿದ್ದ.

"ಅಣ್ಣ," ಎಂದ ಕಮೊರಿಕಿ. "ಇನ್ನೊಂದು ಬುಬುಸಿ ಇದೆ."

"ಕೇಳು, ಕೇಳು. ದೋಣಿ ಬೇಕಾ? ಆ ದೊಡ್ಡ ಮರ ಬೇಕಾ? ಕೇಳೋ, ನಿನಗಿಲ್ಲದ್ದು ಯಾವುದಿದೆ?"

"ದೋಣಿ ಬೇಡ. ಇವತ್ತಿಂದ ನೀನು ನನ್ನ ಹತ್ರ ಏನೂ ಕೇಳಬಾರದು. ನಾನೂ ಕೇಳಲ್ಲ. ಉಪ್ಪು, ಬೆಂಕಿ, ಯಾವುದೂ ಇಲ್ಲ. ಅದನ್ನ ಕೊಡು."

ಅರೊಯಿತಾ ಉಟ್ಟ ಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ತೆಕೈಯಾ ಅಜ್ಜ, "ಲೋ ಹುಡುಗಾ, ಅದು ಕೇಳೋ ವಸ್ತು ಅಲ್ಲ ಕಣೋ," ಎಂದ. ಕೇಳುವ ವಸ್ತು ಯಾವುದು, ಯಾವುದಲ್ಲ ಎಂಬ ನಿಯಮ ನಮ್ಮಲ್ಲಿ ಇರಲಿಲ್ಲ. ಇದ್ದಿದ್ದರೆ ಶನಿವಾರವೇ ಬೇಕಾಗುತ್ತಿತ್ತು.

ಬರಾನಿಕೊ ಜನರನ್ನು ನೋಡಿದ. ಈ ಸಲ ಅವರು ಕೇಳಿಸಿಕೊಳ್ಳದಿದ್ದರೆ ಸಾಕಿತ್ತು ಎನ್ನುವ ನೋಟ. ಎಲ್ಲರಿಗೂ ಕೇಳಿಸಿತ್ತು.

"ಕೊಟ್ಟೆ," ಎಂದ.

ಶುಕ್ರವಾರ ವಿಮಾನ ಬಂದು ಎರಡು ಮೂಟೆ ಅಕ್ಕಿ, ಒಬ್ಬ ದಾದಿಯನ್ನು ಇಳಿಸಿ ಹೋಯಿತು. ಶನಿವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ನಿಂತಿದ್ದಾಗ ಬರಾನಿಕೊ ನಮ್ಮ ಅಂಗಳಕ್ಕೆ ಬಂದ. ಹೊಂಬಾಳೆ ಕೊಯ್ಯುವ ಕತ್ತಿ ಕೈಯಲ್ಲಿತ್ತು.

"ಮಸೆಯೋ ಕಲ್ಲಿದ್ರೆ ಕೊಡ್ತೀರಾ ಗುಮಾಸ್ತ್ರೆ? ನಮ್ಮದು ಒಡೆದುಹೋಯ್ತು."

ಕಲ್ಲು ತಂದುಕೊಟ್ಟೆ. ಅವನ ಮನೆಯಿಂದ ನಮ್ಮ ಮನೆಗೆ ನೇರ ದಾರಿ ಕಮೊರಿಕಿಯ ಅಂಗಳವನ್ನು ದಾಟಿಯೇ ಬರುತ್ತದೆ. ಅಲ್ಲಿ, ಬಾವಿಯ ಪಕ್ಕದಲ್ಲಿ ಕೂತು, ಕಮೊರಿಕಿ ತನ್ನ ಕತ್ತಿಯನ್ನು ಮಸೆಯುತ್ತಿದ್ದ. ಆ ಸದ್ದು ನನ್ನ ಅಂಗಳದವರೆಗೆ ಕೇಳುತ್ತಿತ್ತು.

"ನೀವು ನನಗೆ ಸಂಬಂಧ ಏನೂ ಆಗಬೇಕಾಗಿಲ್ಲ ಅಲ್ವಾ?" ಎಂದ ಬರಾನಿಕೊ, ಕಲ್ಲನ್ನು ಕೈಯಲ್ಲಿ ತೂಗುತ್ತ.

"ಇಲ್ಲ," ಎಂದೆ.

"ಹಂಗಾದ್ರೆ ಸಂಜೆಯೊಳಗೆ ವಾಪಸ್ ತಂದುಕೊಡ್ತೀನಿ," ಎಂದು ಹೇಳಿ, ಬಂದ ದಾರಿ ಬಿಟ್ಟು, ದಡದ ಕಡೆಯಿಂದ ಸುತ್ತಿಕೊಂಡು ಹೋದ.